ಏಳನೇ ತಿಂಗಳಿಗೆ ಕಾಣೆಯಾದವರು

ಹೋದ ವಾರ ನಮ್ಮ ಗಲ್ಲಿಯ ಹುಡುಗಿಯೊಬ್ಬಳು ಪೇಢೆ ಡಬ್ಬಿ ಹಿಡಿದುಕೊಂಡು ಮನೆಗೆ ಬಂದಳು. ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್ ಕೆಲಸ ಸಿಕ್ಕಿದೆಯಂತೆ. ಕೈಯಲ್ಲಿ ಪೇಢೆ ಇತ್ತೇ ಹೊರತು ಮುಖದಲ್ಲಿ ಖುಷಿ ಇರಲಿಲ್ಲ. "ಪ್ರೋಗ್ರಾಮರ್ ಆಗ್ಬೇಕಂತಿದ್ನಿ ಆಪಾ. ಇದು ಬರೇ ಮಂದಿ ತಪ್ಪು ಹುಡುಕೋ ಕೆಲಸ" ಎಂದಳು. ನಾನು ಮೊದಲು ಪೇಢೆ ತಿಂದು ಮುಗಿಸಿದೆ, ಆಮೇಲೆ ನಕ್ಕೆ. ಆ ಬರೇ ಕೆಲಸವನ್ನೇ ಮಾಡಿ ನಾನು ಮನೆ ಕಟ್ಟಿಸಿದ್ದೇನೆ, ಮಕ್ಕಳನ್ನು ಓದಿಸಿದ್ದೇನೆ, ಈಗ ನಿವೃತ್ತಳಾಗಿ ಮಧ್ಯಾಹ್ನ ಆರಾಮಾಗಿ ನಿದ್ದೆ ಮಾಡುತ್ತಿದ್ದೇನೆ. ಅವಳಿಗೆ ಅವತ್ತೇ ಎಲ್ಲ ಹೇಳಬೇಕೆಂದಿದ್ದೆ. ಅವಳ ಫೋನು ಬಿಡಬೇಕಲ್ಲ! ಹಾಗಾಗಿ ಬರೆಯುತ್ತಿದ್ದೇನೆ, ಪುರಸೊತ್ತಾದಾಗ ಓದಿಕೊಳ್ಳಲಿ.

ನನ್ನ ಹೆಸರು ನಸೀಮಾ ಬೇಗಂ. ಆಫೀಸಿನಲ್ಲೂ ಗಲ್ಲಿಯಲ್ಲೂ ಎಲ್ಲರಿಗೂ ಆಪಾ, ಅಂದರೆ ಅಕ್ಕ. ಕಲಬುರಗಿ ಇನ್ನೂ ಗುಲ್ಬರ್ಗ ಎನಿಸಿಕೊಳ್ಳುತ್ತಿದ್ದ ಕಾಲದಲ್ಲಿ ಕುಲಕರ್ಣಿ ಸರ್ ಎಂಬವರು ನಾಲ್ಕಾರು ಕಂಪ್ಯೂಟರ್ ಇಟ್ಟುಕೊಂಡು ಒಂದು ಸಣ್ಣ ಕಂಪನಿ ಶುರು ಮಾಡಿದರು. ನಾನು ಅಲ್ಲಿಗೆ ಸೇರಿದ್ದು ಟೈಪ್ ಮಾಡಲು. ಆದರೆ ಟೈಪ್ ಮಾಡುತ್ತ ಮಾಡುತ್ತ, ಈ ಗುಂಡಿ ಇಲ್ಲೇಕೆ ಇದೆ, ಈ ಕಾಲಂ ತುಂಬದಿದ್ದರೆ ಮುಂದೆ ಯಾಕೆ ಹೋಗುವುದಿಲ್ಲ, ಎರಡು ಸಲ ಒತ್ತಿದರೆ ಯಾಕೆ ಸತ್ತು ಬೀಳುತ್ತದೆ ಎಂದು ದಿನವಿಡೀ ತಕರಾರು ಮಾಡುತ್ತಿದ್ದೆ. ಒಂದು ದಿನ ಸರ್ ಕೈಮುಗಿದು, "ಆಪಾ, ನೀವು ಟೈಪ್ ಮಾಡೋದು ಬಿಡ್ರಿ. ಇನ್ಮ್ಯಾಲ ಬರೇ ತಕರಾರು ಮಾಡ್ರಿ" ಎಂದರು. ಅದೇ ನನ್ನ ನೇಮಕಾತಿ. ಮನೆಯಲ್ಲಿ ಅತ್ತೆಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಸಾಕು ಸಾಕಾಯಿತು. "ತೋಡ್ನೇ ಕು ಬೀ ಪಗಾರ್ ದೇತೆ ಕ್ಯಾ?" ಎಂದು ಗಲ್ಲದ ಮೇಲೆ ಕೈ ಇಟ್ಟುಕೊಂಡರು. ಒಡೆಯುವುದಕ್ಕೂ ಸಂಬಳ ಕೊಡುತ್ತಾರಾ ಎಂಬುದು ಅವರ ಆಶ್ಚರ್ಯ. ಕೊಡುತ್ತಾರೆ ಅಮ್ಮಾ, ಆದರೆ ಸರಿಯಾಗಿ ಒಡೆಯಬೇಕು ಎಂದೆ.

ಸರಿಯಾಗಿ ಒಡೆಯುವುದು ಅಂದರೇನು ಎಂದು ನನಗೆ ಗೊತ್ತಾದದ್ದು ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ. ತೊಗರಿ ಆವಕದ ಲೆಕ್ಕಕ್ಕೆ ನಾವು ಒಂದು ಸಾಫ್ಟ್‌ವೇರ್ ಕೊಟ್ಟಿದ್ದೆವು. ಒಂದೊಂದು ಲಾರಿಯ ವಿವರ ತುಂಬಿದ ಮೇಲೂ ಅದು "ಖಾತ್ರಿಯೇ?" ಎಂದು ಕೇಳುತ್ತಿತ್ತು. ಬಳಸುವವರು ತಪ್ಪು ಮಾಡಬಾರದಲ್ಲ ಎಂದು ನಮ್ಮ ಪ್ರೋಗ್ರಾಮರುಗಳು ಬಹಳ ಕಾಳಜಿಯಿಂದ ಹಾಕಿದ ಪ್ರಶ್ನೆ. ನಾನೂ ಆಫೀಸಿನ ಫ್ಯಾನಿನ ಕೆಳಗೆ ಕೂತು ನೋಡಿ, ಚೆನ್ನಾಗಿದೆ ಎಂದಿದ್ದೆ. ಮಿಲ್ಲಿನಲ್ಲಿ ಅದನ್ನು ನಡೆಸುತ್ತಿದ್ದವನು ಶರಣಪ್ಪ ಎಂಬ ಗುಮಾಸ್ತ. ಸುಗ್ಗಿಯಲ್ಲಿ ಹೊರಗೆ ಲಾರಿಗಳ ಸಾಲು, ಒಳಗೆ ಕಣ್ಣು ಮೂಗಿಗೆಲ್ಲ ಬೇಳೆಯ ಪುಡಿ. ಆತ ಬಲಗೈಯಲ್ಲಿ ಚಹಾ ಹಿಡಿದು ಎಡಗೈಯಲ್ಲಿ ಎಂಟರ್ ಒತ್ತುತ್ತಿದ್ದ. ಒಂದು ದಿನ ತಪ್ಪಿ ಬೇರೆ ಗುಂಡಿಗೆ ಕೈ ಹೋಗಿ, ಇಡೀ ಹಂಗಾಮಿನ ಮಾಹಿತಿ ಅಳಿಸಲೇ ಎಂದು ಅದು ಕೇಳಿದೆ. ಈತ ಎಂಟರ್. ಖಾತ್ರಿಯೇ? ಎಂಟರ್. ಪರದೆ ತೊಳೆದಿಟ್ಟ ಹಾಗೆ ಸ್ವಚ್ಛ.

ಪುಣ್ಯಕ್ಕೆ ಹಿಂದಿನ ದಿನದ ನಕಲು ನಮ್ಮಲ್ಲಿತ್ತು. ಕುಲಕರ್ಣಿ ಸರ್ ಮಾತ್ರ ಬೆವರು ಒರೆಸಿಕೊಳ್ಳುತ್ತ, "ಶರಣಪ್ಪ, ಎರಡೆರಡು ಸಲ ಕೇಳ್ಯದ. ಒಂದ್ಸಲನಾದ್ರೂ ಓದ್ಬೇಕಲ್ರಿ!" ಎಂದು ರೇಗಿದರು.

"ಸಾಹೇಬ್ರ, ಮುಂಜಾನಿಂದ ಅದು ಕೇಳಾಕತ್ತದ, ನಾ ಹೌದು ಅನ್ನಾಕತ್ತೀನಿ. ಒಮ್ಮೆನೂ ಇಲ್ಲ ಅಂದಿಲ್ಲ. ಅದಕ್ಕರ ಬ್ಯಾಸರ ಆಗ್ಬೇಕಿಲ್ರಿ?" ಎಂದ ಶರಣಪ್ಪ. ಅವನ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

ಸರ್‌ಗೆ ಸಿಟ್ಟು, ನನಗೆ ನಗು. ಆದರೆ ತಲೆಯಲ್ಲಿ ಒಂದು ಮಾತು ಕೂತುಬಿಟ್ಟಿತು. ಪ್ರತಿ ಸಲವೂ ಕೇಳುವ ಪ್ರಶ್ನೆಯನ್ನು ಯಾರೂ ಓದುವುದಿಲ್ಲ. ಆಮೇಲೆ ದಿನದ ಕೆಲಸದಲ್ಲಿ ಪ್ರಶ್ನೆ ಕೇಳುವುದನ್ನೇ ತೆಗೆದುಹಾಕಿಸಿ, ಅಳಿಸಬೇಕಾದರೆ ಮಾತ್ರ ಮಿಲ್ಲಿನ ಪೂರ್ತಿ ಹೆಸರು ಟೈಪ್ ಮಾಡಬೇಕು ಎಂದು ಮಾಡಿಸಿದೆ. ಮಿಲ್ಲಿನ ಹೆಸರಿನಲ್ಲಿ ದೇವರು, ಮಾಲೀಕರು, ಅವರ ಮಕ್ಕಳು ಎಲ್ಲರೂ ಇದ್ದರು. ಅಷ್ಟುದ್ದ ಬರೆಯುವ ಸೋಮಾರಿತನಕ್ಕೆ ಶರಣಪ್ಪ ಮುಂದೆ ಒಂದನ್ನೂ ಅಳಿಸಲಿಲ್ಲ.

ಕುಲಕರ್ಣಿ ಸರ್ ಬಗ್ಗೆ ಎರಡು ಮಾತು ಹೇಳಬೇಕು. ಒಳ್ಳೆಯ ಮನುಷ್ಯ. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ, ಗಿರಾಕಿಗಳ ಜೊತೆ ಅವರವರ ಭಾಷೆ. ಸಾಫ್ಟ್‌ವೇರ್ ತೋರಿಸಲು ಹೋದಾಗ ಅವರನ್ನು ನೋಡಬೇಕಿತ್ತು. ರಸ್ತೆಯಲ್ಲಿ ಎಲ್ಲಿ ಗುಂಡಿ ಬಿದ್ದಿದೆ ಎಂದು ಗೊತ್ತಿರುವ ಟಾಂಗಾವಾಲಾ ಹಾಗೆ, ಕೆಡುವ ಜಾಗಗಳನ್ನೆಲ್ಲ ನಯವಾಗಿ ತಪ್ಪಿಸಿಕೊಂಡು ಊರು ಮುಟ್ಟುತ್ತಿದ್ದರು. ನೋಡಿದವರಿಗೆ ಎಲ್ಲವೂ ಸಲೀಸು. ನಾನು ಪಕ್ಕದಲ್ಲಿ ಕೂತಿದ್ದರೆ ಮಾತ್ರ ಅವರಿಗೆ ಹೆದರಿಕೆ, ಎಲ್ಲಿ ಬಾಯಿ ಬಿಡುತ್ತಾಳೋ ಎಂದು. ಕೊನೆಕೊನೆಗೆ ನನ್ನನ್ನು ಕರೆದುಕೊಂಡು ಹೋಗುವುದನ್ನೇ ನಿಲ್ಲಿಸಿದರು. ಅದನ್ನು ನಾನು ಇವತ್ತಿಗೂ ಮರ್ಯಾದೆ ಎಂದೇ ತಿಳಿದಿದ್ದೇನೆ.

ಕೆಲಸದ ರೀತಿಯೂ ಬದಲಾಗುತ್ತ ಹೋಯಿತು. ಮೊದಮೊದಲು ತಪ್ಪು ಸಿಕ್ಕರೆ ಚೀಟಿ ಬರೆದು ಪ್ರೋಗ್ರಾಮರನ ಕಂಪ್ಯೂಟರಿಗೆ ಅಂಟಿಸುತ್ತಿದ್ದೆ. ಫ್ಯಾನ್ ಗಾಳಿಗೆ ಅವು ಹಾರಿಹೋಗುತ್ತಿದ್ದವು. ಕೆಲವನ್ನು ಫ್ಯಾನೇ ಹಾರಿಸಿತೋ ಬೇರೆ ಯಾರಾದರೂ ಹಾರಿಸಿದರೋ ದೇವರೇ ಬಲ್ಲ. ಆಮೇಲೆ ತಪ್ಪುಗಳಿಗೆ ನಂಬರು ಬಂತು, ದರ್ಜೆ ಬಂತು, ಅವುಗಳ ಮೇಲೆ ಮೀಟಿಂಗು ಬಂತು. ಈಗ ಕಂಪ್ಯೂಟರನ್ನು ಕಂಪ್ಯೂಟರೇ ಪರೀಕ್ಷೆ ಮಾಡುತ್ತದೆ, ನಾನು ಒಂದು ವಾರ ಕೂತು ನೋಡುತ್ತಿದ್ದದ್ದನ್ನು ಚಹಾ ಆರುವುದರೊಳಗೆ ಮುಗಿಸುತ್ತದೆ. ಅದಕ್ಕೆ ನನ್ನ ತಕರಾರಿಲ್ಲ, ಬೆರಳಿಗೆ ಆರಾಮ. ಆದರೆ ಅದಕ್ಕೆ ಏನು ಕೇಳಬೇಕೆಂದು ಹೇಳಿಕೊಡುವವರು ಊರು ಕೇರಿ ತಿರುಗಿರಬೇಕು.

ಸೇಡಂ ರಸ್ತೆಯ ಒಂದು ದವಾಖಾನೆಗೆ ಟೋಕನ್ ಸಾಫ್ಟ್‌ವೇರ್ ಮಾಡಿದಾಗ ಹೀಗೇ ಆಯಿತು. ಬರೆದವನು ಹರೀಶ, ನಮ್ಮಲ್ಲೇ ಬಹಳ ಚುರುಕಿನ ಹುಡುಗ, ಸ್ವಲ್ಪ ಮೂಗಿನ ತುದಿಯಲ್ಲೇ ಸಿಟ್ಟು. ಒಂದು ಫೋನ್ ನಂಬರಿಗೆ ಒಂದೇ ಟೋಕನ್ ಎಂದು ಇಟ್ಟಿದ್ದ. ಆಫೀಸಿನಲ್ಲಿ ನೋಡಿದರೆ ಕುಂದಿಲ್ಲ. ಅಲ್ಲಿಗೆ ಹೋಗಿ ನೋಡುತ್ತೇನೆ, ಹಳ್ಳಿಯಿಂದ ಒಂದು ಜೀಪು ಬಂದು ನಿಂತಿತು. ಅಜ್ಜಿಗೆ ಮೊಣಕಾಲು, ಸೊಸೆಗೆ ಕೆಮ್ಮು, ಪಕ್ಕದ ಮನೆಯವನಿಗೆ ಕಿವಿ. ಇಷ್ಟೂ ಜನಕ್ಕೆ ಒಂದೇ ಫೋನು, ಅದೂ ಜೀಪಿನ ಡ್ರೈವರನದು. ಅಜ್ಜಿಗೆ ಟೋಕನ್ ಸಿಕ್ಕಿತು, ಉಳಿದವರನ್ನೆಲ್ಲ ಕಂಪ್ಯೂಟರು, ನೀವು ಈಗಾಗಲೇ ಬಂದಿದ್ದೀರಿ ಎಂದು ವಾಪಸ್ಸು ಕಳಿಸಿತು. "ನಾ ಎಲ್ಲಿ ಬಂದೀನಿ, ಇನ್ನಾ ಹೊರಗೇ ನಿಂತೀನಲ್ರಿ" ಎಂದು ಕಿವಿಯವನು ಜಗಳಕ್ಕೆ ನಿಂತ. ಹರೀಶ ಗೊಣಗಿಕೊಂಡೇ ಸರಿ ಮಾಡಿದ. ಫೋನ್ ನಂಬರು ಅಂದರೆ ಮನುಷ್ಯ ಎಂಬ ಅವನ ನಂಬಿಕೆ ಮಾತ್ರ ಹೋಗಿರಲಿಲ್ಲ.

ಅದು ಮತ್ತೆ ತಲೆ ಎತ್ತಿದ್ದು ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ. ಈ ಒಂದು ಸಂಗತಿಯನ್ನು ಹೇಳಬೇಕೆಂದೇ ನಾನು ಇಷ್ಟೆಲ್ಲ ಬರೆದದ್ದು.

ಕಮಲಾಪುರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸಣ್ಣ ದವಾಖಾನೆಗಳನ್ನು ನಡೆಸುತ್ತಿದ್ದ ಒಂದು ಸೇವಾ ಸಂಸ್ಥೆಗೆ ನಾವು ಬಸುರಿಯರ ಆರೈಕೆಯ ಸಾಫ್ಟ್‌ವೇರ್ ಬರೆದೆವು. ಯಾವ ಊರಿನ ದವಾಖಾನೆಗೆ ಹೆಂಗಸು ಬರುತ್ತಾಳೋ ಅಲ್ಲಿ ಅವಳ ಹೆಸರು ಸೇರಿಸುವುದು. ತಿಂಗಳು ತಿಂಗಳು ಬಂದರೆ ಹಸಿರು ಗುರುತು, ತಪ್ಪಿಸಿದರೆ ಕೆಂಪು. ಏನಾದರೂ ಅಪಾಯವಿದ್ದರೆ ಡಾಕ್ಟರು ಅದನ್ನು ಮೇಲೆಯೇ ದೊಡ್ಡದಾಗಿ ಬರೆದಿಡಬಹುದು. ಹರೀಶ ಜೀವ ತೇಯ್ದು ಬರೆದಿದ್ದ, ನೋಡಲೂ ಚೆಂದವಿತ್ತು. ಕೆಲವು ತಿಂಗಳು ಪ್ರಾಯೋಗಿಕವಾಗಿ ನಡೆಯಿತು. ಉದ್ಘಾಟನೆಗೆ ದಿನ ಗೊತ್ತು ಮಾಡಿ, ದೊಡ್ಡ ಅತಿಥಿಯನ್ನು ಕರೆದು, ಶಾಮಿಯಾನಕ್ಕೂ ಹೇಳಿ ಆಗಿತ್ತು. ಬಾಕಿ ಇದ್ದದ್ದು ನನ್ನದೊಂದು ಸಹಿ. ಜಾಗಕ್ಕೆ ಹೋಗಿ ನೋಡದೆ ಸಹಿ ಹಾಕುವುದಿಲ್ಲ ಎಂದು ಬಸ್ ಹತ್ತಿ ಕಮಲಾಪುರಕ್ಕೆ ಹೋದೆ.

ಅಲ್ಲಿನ ನರ್ಸು ಶರಣಮ್ಮ ಸಿಸ್ಟರ್ ದೊಡ್ಡ ದನಿಯ ಹೆಂಗಸು. ಕೈಗೆ ಕೆಂಪು ಬಾಳೆಹಣ್ಣು ಕೊಟ್ಟು ಕೂರಿಸಿ, ಕಂಪ್ಯೂಟರ್ ತೆರೆದು ತೋರಿಸಿದರು. ಮೊದಲ ತಿಂಗಳುಗಳೆಲ್ಲ ಹಸಿರು. ಏಳನೇ ತಿಂಗಳಿಗೆ ಬರುತ್ತಿದ್ದ ಹಾಗೆ ಒಂದಾದ ಮೇಲೊಂದು ಕೆಂಪು. ಚೊಚ್ಚಲ ಬಸುರಿಯರೆಲ್ಲರೂ ಏಳನೇ ತಿಂಗಳಿಗೆ ಸರಿಯಾಗಿ ಕಾಣೆಯಾಗಿದ್ದರು. ಸಿಸ್ಟರ್ ಫಾಲೋಅಪ್ ಮಾಡುವುದಿಲ್ಲ, ಬರೀ ಸೋಮಾರಿ ಎಂದು ಹರೀಶ ಆಫೀಸಿನಲ್ಲಿ ಹೇಳಿದ್ದ. ನನಗೆ ಪರದೆ ನೋಡಿದ ಕೂಡಲೇ ನಗು ಬಂತು.

"ತವರಿಗೆ ಹೋಗ್ಯಾರಲ್ಲ ಸಿಸ್ಟರ್?" ಎಂದೆ.

"ಮತ್ತೆಲ್ಲಿಗೆ ಹೋಗ್ತಾರ್ರಿ? ಕುಬಸ ಆಗ್ತಿದ್ದಂಗ ತವರವ್ರು ಬಂದು ಕರ್ಕೊಂಡು ಹೋಗ್ತಾರ. ನಿಮ್ಮ ಕಂಪ್ಯೂಟರ್‌ಗಿ ಇಷ್ಟೂ ಗೊತ್ತಿಲ್ಲೇನು? ದಿನಾ ನನಗ ಕೆಂಪು ಕಣ್ಣು ಬಿಡ್ತದ" ಎಂದರು ಸಿಸ್ಟರ್.

ಕುಬಸ ಅಂದರೆ ಸೀಮಂತ. ಹಸಿರು ಸೀರೆ, ಹಸಿರು ಬಳೆ, ಮಡಿಲಕ್ಕಿ, ಆಮೇಲೆ ಮೊದಲ ಹೆರಿಗೆಗೆ ತವರು. ನಮ್ಮ ಮುಸಲ್ಮಾನರಲ್ಲಿ ಅದಕ್ಕೆ ಸತ್ವಾಸಾ ಎನ್ನುತ್ತೇವೆ. ನನ್ನ ಅಣ್ಣ ಬಂದು ನನ್ನನ್ನು ಆಳಂದಕ್ಕೆ ಕರೆದುಕೊಂಡು ಹೋದದ್ದು, ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನು ಹುಣಸೆಹಣ್ಣು ಚಪ್ಪರಿಸಿದ್ದು ಎಲ್ಲ ನೆನಪಾಯಿತು. ಆಫೀಸಿನಲ್ಲಿ ಈ ಸಾಫ್ಟ್‌ವೇರ್ ಬರೆದವರೆಲ್ಲ ಮದುವೆಯಾಗದ ಗಂಡುಹುಡುಗರು. ಬಸುರಿ ಮನೆ ಬದಲಿಸುತ್ತಾಳೆ ಎಂದು ಅವರಿಗೆ ಯಾರು ಹೇಳಬೇಕು?

ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ. ಇಲ್ಲಿಂದ ಹೋದವರು ಅಲ್ಲಿ ಏನಾಗಿದ್ದಾರೆ ನೋಡೋಣ ಎಂದು ಪಕ್ಕದ ಮಹಾಗಾಂವದ ದವಾಖಾನೆಯ ಪುಟ ತೆರೆದೆ. ರೇಣುಕಾ ಎಂಬ ಹುಡುಗಿಯ ಹೆಸರು ಹೊಸದಾಗಿ ಸೇರಿತ್ತು. ಎಲ್ಲ ಹಸಿರು, ಅಪಾಯ ಏನೂ ಇಲ್ಲ, ಹೆರಿಗೆ ಮಹಾಗಾಂವದಲ್ಲೇ ಎಂದಿತ್ತು. ಸಿಸ್ಟರ್ ಬಗ್ಗಿ ಗಂಡನ ಹೆಸರು ನೋಡಿ, "ಈಕಿ ನಮ್ಮ ರೇಣುಕಾನ. ಇಲ್ಲೂ ಅದಾಳ, ನೋಡ್ರಿ" ಎಂದು ಕಮಲಾಪುರದ ಪುಟ ತೆಗೆದರು.

ಅಲ್ಲಿ ಡಾಕ್ಟರು ಬರೆದಿದ್ದರು. ಕಲಬುರಗಿಯಲ್ಲಿ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಮಾಸು, ಅಂದರೆ ಪ್ಲಾಸೆಂಟಾ, ಗರ್ಭದ ಬಾಯಿಗೆ ಅಡ್ಡವಾಗಿ ಕೂತಿದೆ. ಸಹಜ ಹೆರಿಗೆ ಆಗುವುದಿಲ್ಲ. ದೊಡ್ಡ ದವಾಖಾನೆಯಲ್ಲಿ ಆಪರೇಷನ್ನೇ ಆಗಬೇಕು. ಸ್ವಲ್ಪ ರಕ್ತ ಕಂಡರೂ ತಡಮಾಡಬಾರದು.

ಎರಡೂ ಪುಟಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಕಮಲಾಪುರದಲ್ಲಿ ಗಂಡನ ಫೋನ್ ನಂಬರು, ಮಹಾಗಾಂವದಲ್ಲಿ ಅಪ್ಪನ ಫೋನ್ ನಂಬರು. ನಂಬರು ಬೇರೆ, ಆದ್ದರಿಂದ ಹೆಂಗಸೂ ಬೇರೆ ಎಂದು ಕಂಪ್ಯೂಟರು ತೀರ್ಮಾನಿಸಿತ್ತು. ಅಪಾಯವಿದ್ದ ರೇಣುಕಾ ಕಾಣೆಯಾಗಿದ್ದಳು, ಏನೂ ಅಪಾಯವಿಲ್ಲದ ಒಬ್ಬ ಹೊಸ ರೇಣುಕಾ ಪಕ್ಕದೂರಿನಲ್ಲಿ ಹುಟ್ಟಿಕೊಂಡಿದ್ದಳು. ಅವಳಿಗೆ ಆಗಲೇ ಎಂಟು ತಿಂಗಳು ತುಂಬುತ್ತಿತ್ತು.

ಕುಲಕರ್ಣಿ ಸರ್‌ಗೆ ಫೋನ್ ಹಚ್ಚಿದೆ. ಅವರು ಉದ್ಘಾಟನೆಯ ಹೂವಿನ ಹಾರದ ಗಡಿಬಿಡಿಯಲ್ಲಿದ್ದರು. "ಆಪಾ, ಕಾರ್ಯಕ್ರಮ ಒಂದು ಮುಗೀಲಿ. ಆಮ್ಯಾಲ ಕೂತು ಸರಿ ಮಾಡೋಣ. ಸದ್ಯಕ್ಕ ಸಹಿ ಹಾಕಿಬಿಡ್ರಿ" ಎಂದರು.

"ಸರ್, ನಿಮ್ಮ ಮನಿಯವ್ರು ಮೊದಲನೇ ಹೆರಿಗಿಗಿ ಎಲ್ಲಿಗಿ ಹೋಗಿದ್ರು?"

"ಸೊಲ್ಲಾಪುರಕ್ಕ, ಅವರ ತವರಿಗೆ. ಯಾಕ್ರಿ?"

"ನಮ್ಮ ಸಾಫ್ಟ್‌ವೇರ್ ಪ್ರಕಾರ ಅವರು ಅವತ್ತಿನಿಂದ ಕಾಣೆಯಾಗ್ಯಾರ. ಸೊಲ್ಲಾಪುರದಾಗ ಇದ್ದಾಕಿ ಬ್ಯಾರೇ ಯಾರೋ" ಎಂದು ರೇಣುಕಾಳ ವಿಷಯವನ್ನೆಲ್ಲ ಹೇಳಿದೆ.

"ಅರೇ ದೇವಾ" ಎಂದರು ಸರ್. ಮತ್ತೆ, "ಆ ಹುಡಿಗಿ ಕಡಿ ಈಗೇ ಹೋಗ್ರಿ. ಉದ್ಘಾಟನೆ ನಾ ನೋಡ್ಕೋತೀನಿ" ಎಂದರು. ಇಷ್ಟು ವರ್ಷಗಳಲ್ಲಿ ಅವರ ಬಗ್ಗೆ ನನಗೆ ಗೌರವ ಹೆಚ್ಚಾದ ದಿನ ಯಾವುದೆಂದು ಕೇಳಿದರೆ ಅದೇ.

ನಾನೂ ಸಿಸ್ಟರೂ ಟೆಂಪೋ ಹಿಡಿದು ಮಹಾಗಾಂವಕ್ಕೆ ಹೋದೆವು. ದಾರಿಯುದ್ದಕ್ಕೂ ಸಿಸ್ಟರ್ ಡ್ರೈವರನಿಗೆ ಬೇಗ ಬೇಗ ಎನ್ನುತ್ತಿದ್ದರು, ಅದರಿಂದ ನನಗೆ ಇನ್ನೂ ಭಯವಾಯಿತು. ಮನೆ ಸಿಕ್ಕಿತು. ರೇಣುಕಾ ಕೈತುಂಬ ಹಸಿರು ಬಳೆ ಹಾಕಿಕೊಂಡು ಪಡಸಾಲೆಯಲ್ಲಿ ಕೂತು ಶೇಂಗಾ ಉಂಡಿ ತಿನ್ನುತ್ತಿದ್ದಳು. ಅವಳನ್ನು ಹಾಗೆ ಕಂಡಾಗ ಆದ ಸಮಾಧಾನ ಅಷ್ಟಿಷ್ಟಲ್ಲ. ಅವಳ ತಾಯಿ ಚಹಾಕ್ಕಿಡಲು ಎದ್ದರು. ಸಿಸ್ಟರ್ ಅವರನ್ನು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು.

"ನಿನ್ನ ಕಾರ್ಡ್ ಎಲ್ಲಿ ಅದ ರೇಣುಕಾ? ಸ್ಕ್ಯಾನಿಂಗ್ ಕಾಗದ? ಇಲ್ಲಿನ ಸಿಸ್ಟರ್‌ಗಿ ತೋರಿಸಿಲ್ಲೇನು?" ಎಂದು ನಾನು ಕೇಳಿದೆ.

"ಅತ್ತಿ ಮನ್ಯಾಗ ಅದಾವ್ರಿ. ತರಾಕ ಹೊಂಟಿದ್ನಿ. ಇನ್ಮ್ಯಾಲ ಎಲ್ಲಾ ಕಂಪ್ಯೂಟರ್‌ದಾಗ ಅದ, ಕಾಗದ ಹೊತ್ಕೊಂಡು ತಿರಗೋದು ಬ್ಯಾಡ ಅಂತ ದವಾಖಾನ್ಯಾಗ ಅಂದ್ರು. ಅದಕ್ಕ ಬಿಟ್ಟು ಬಂದೆ" ಎಂದಳು ಹುಡುಗಿ. ಡಾಕ್ಟರು ಹೇಳಿದ್ದು ಅವಳಿಗೆ ಅರ್ಧ ತಿಳಿದಿರಲಿಲ್ಲ. ಕಂಪ್ಯೂಟರಿಗೆ ತಿಳಿದಿದೆಯಲ್ಲ ಎಂದು ನಿಶ್ಚಿಂತೆಯಿಂದ ಇದ್ದಳು.

ಆ ಮಾತಿಗೆ ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ. ನಾವು ಬರುವ ಮುಂಚೆ ಇದೇ ಹೆಂಗಸರು ಸೀರೆಗಳ ನಡುವೆ ಕಾರ್ಡು ಮಡಿಸಿಟ್ಟುಕೊಂಡು ತವರಿಗೆ ಹೋಗುತ್ತಿದ್ದರು, ಅದನ್ನು ಅಲ್ಲಿ ತೋರಿಸುತ್ತಿದ್ದರು. ನಾವು ಬಂದು ಆ ಕಾರ್ಡು ಬಿಡಿಸಿದೆವು, ಬದಲಿಗೆ ಏನೂ ಕೊಡಲಿಲ್ಲ. ಹೊಸ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಸಾಫ್ಟ್‌ವೇರ್ ಏನು ಮಾಡುತ್ತದೆ ಎಂದು ನೋಡಿದ ಮೇಲೆ, ಅದು ಬಂದದ್ದರಿಂದ ಜನ ಏನು ಮಾಡುವುದನ್ನು ಬಿಟ್ಟರು ಎಂದೂ ಹೋಗಿ ನೋಡಿ.

ರೇಣುಕಾಳ ತಾಯಿಗೆ ಬೇರೆಯೇ ಚಿಂತೆ. "ಮೊದಲನೇ ಹೆರಿಗಿ ತವರಾಗೇ ಆಗ್ಬೇಕ್ರಿ. ಕಲಬುರಗಿಗಿ ಕಳಿಸಿದ್ರ ಬೀಗರು ಏನಂತಾರ? ಮಗಳ ಬಾಣಂತನ ಮಾಡಾಕ ಇವರಿಗಿ ಆಗ್ಲಿಲ್ಲ ಅಂತಾರ" ಎಂದು ಸೆರಗು ಬಾಯಿಗಿಟ್ಟುಕೊಂಡರು.

"ಬಾಣಂತನ ಬಿಡ್ರಿ ಅಂತ ಯಾರಂದ್ರು ಯವ್ವಾ? ಹೆರಿಗಿ ಅಷ್ಟ ಅಲ್ಲಿ ಆಗ್ಲಿ. ನೀವು ಸಂಗಾಟ ಇರ್ರಿ. ಆಮ್ಯಾಲ ಕೂಸು ಬಾಣಂತಿ ಇಬ್ಬರ್ನೂ ಕರ್ಕೊಂಡು ಬಂದು ಎಷ್ಟು ಅಂಟಿನುಂಡಿ ತಿನ್ನಸ್ತೀರಿ ತಿನ್ನಸ್ರಿ. ಬೀಗರಿಗಿ ನಾ ಹೇಳ್ತೀನಿ" ಎಂದರು ಸಿಸ್ಟರ್. ಆ ದೊಡ್ಡ ದನಿ ಅವತ್ತು ಬಹಳ ಉಪಯೋಗಕ್ಕೆ ಬಂತು. ಕಲಬುರಗಿಯಲ್ಲೇ, ಸೇಡಂ ರಸ್ತೆಯ ಬಡಾವಣೆಯೊಂದರಲ್ಲಿ, ರೇಣುಕಾಳ ತಾಯಿಯ ನಾದಿನಿಯ ಮನೆ ಇತ್ತು. ತಾಯಿ ಮಗಳು ಎರಡು ದಿನದಲ್ಲೇ ಅಲ್ಲಿಗೆ ಬಂದಿಳಿದರು.

ಉದ್ಘಾಟನೆ ಮುಂದಕ್ಕೆ ಹೋಯಿತು. ಅತಿಥಿ ಮುನಿಸಿಕೊಂಡರು, ಸಂಸ್ಥೆಯವರು ಬೈದರು, ಶಾಮಿಯಾನದವನು ಕುಲಕರ್ಣಿ ಸರ್ ಹಿಂದೆ ಬಿದ್ದ. ಹರೀಶನಿಗೆ ನಾನು ಬೈಯಲು ಬಾಯಿ ತೆರೆಯುವುದರೊಳಗೆ ಅವನೇ, "ಆಪಾ, ನಮ್ಮಕ್ಕನ್ನ ನಾನ ಹೋಗಿ ಕರ್ಕೊಂಡು ಬಂದಿದ್ನಿ ತವರಿಗಿ. ನನಗ ಹ್ಯಾಂಗ ಹೊಳೀಲಿಲ್ಲ?" ಎಂದು ತಲೆ ತಗ್ಗಿಸಿದ. ಬೈಗುಳ ನುಂಗಿಕೊಂಡೆ. ಹೆಸರು ಸೇರಿಸುವಾಗಲೇ ತವರೂರು ಯಾವುದೆಂದು ಕೇಳಬೇಕು, ಹೆಂಗಸು ಹೋದಲ್ಲಿಗೆ ಅವಳ ಪುಟವೂ ಹೋಗಬೇಕು, ಕಾಗದದ ಕಾರ್ಡನ್ನು ಯಾರೂ ಬಿಡಿಸಬಾರದು ಎಂದು ನಾನು, ಹರೀಶ, ಸರ್ ಮೂವರೂ ಕೂತು ತೀರ್ಮಾನಿಸಿದೆವು. ಅದನ್ನು ಹರೀಶ ಬರೆದ ರೀತಿ ನೋಡಿ ನನಗೇ ಹೆಮ್ಮೆಯಾಯಿತು. ಆಮೇಲೆ ಸಹಿ ಹಾಕಿದೆ.

ಅಷ್ಟರಲ್ಲಿ ಒಂದು ಮುಂಜಾನೆ ಶರಣಮ್ಮ ಸಿಸ್ಟರ್ ಫೋನ್ ಬಂತು. ರೇಣುಕಾಳಿಗೆ ದಿನ ತುಂಬುವ ಮುಂಚೆಯೇ ರಕ್ತ ಹೋಗಲು ಶುರುವಾಗಿ, ಆಟೋದಲ್ಲಿ ಹತ್ತಿರದ ದೊಡ್ಡ ದವಾಖಾನೆಗೆ ಒಯ್ದಿದ್ದರು. ಆಪರೇಷನ್ ಆಯಿತು, ರಕ್ತ ಕೊಡಬೇಕಾಯಿತು. ಮಹಾಗಾಂವದಲ್ಲಿ ಇದ್ದಿದ್ದರೆ ದಾರಿಯಲ್ಲೇ ಏನಾಗುತ್ತಿತ್ತೋ ಎಂದು ಡಾಕ್ಟರು ಹೇಳಿದರಂತೆ. ಬಾಣಂತಿ ಕೂಸು ಇಬ್ಬರೂ ಸುಖವಾಗಿದ್ದಾರೆ, ಹೆಣ್ಣುಕೂಸು ಎಂದು ಸಿಸ್ಟರ್ ಹೇಳಿದ ಮೇಲೆಯೇ ನನಗೆ ಉಸಿರು ಬಂತು.

ಎರಡು ದಿನ ಬಿಟ್ಟು ನೋಡಲು ಹೋದೆ. ಸಿಸ್ಟರೂ ಬಂದಿದ್ದರು. ರೇಣುಕಾ ಸುಸ್ತಾಗಿ ಮಲಗಿದ್ದಳು, ನನ್ನನ್ನು ಕಂಡು ನಕ್ಕಳು. ಅವಳ ತಾಯಿ ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿದರು. ನಾನು ಮಾಷಾ ಅಲ್ಲಾ ಎಂದು ಬಾಯಿ ತೆರೆಯುತ್ತಿದ್ದೆ, ಕೂಸಿಗೆ ದೃಷ್ಟಿ ತಾಗೀತೆಂದು ಅವರು ತಡೆದರು.

"ಚೆಂದ ಅದ ಅನ್ನಬ್ಯಾಡ್ರಿ ಆಪಾ, ನದರ ಆಗ್ತದ. ಏನರ ಒಂದು ಕುಂದು ಹೇಳ್ರಿ."

ನಾನು ನೋಡಿದೆ. ಮೂಗು ನೋಡಿದೆ, ಕಿವಿ ನೋಡಿದೆ. ಮುಚ್ಚಿದ ಮುಷ್ಟಿ ಬಿಡಿಸಿ ಬೆರಳು ನೋಡಿದೆ. ಕೂಸು ಆಕಳಿಸಿತು. "ಹೇಳ್ರಿ ಆಪಾ, ಮೂಗು ಮೊಂಡ ಅದ ಅನ್ರಿ" ಎಂದು ಸಿಸ್ಟರ್ ಪಕ್ಕದಿಂದ ತಿವಿದರು. ನನಗೆ ಅಷ್ಟೂ ಹೇಳಲಾಗಲಿಲ್ಲ. ಕಣ್ಣು ತುಂಬಿ ಕೂಸಿನ ಮುಖ ಕಾಣುತ್ತಿರಲಿಲ್ಲ. ನನ್ನ ಇಡೀ ನೌಕರಿಯಲ್ಲಿ, ಕುಂದು ಹೇಳು ಎಂದು ಕೇಳಿದಾಗ ಒಂದೂ ಸಿಗದೆ ಸುಮ್ಮನೆ ಕೂತದ್ದು ಅದೊಂದೇ ಸಲ.